ಚಿಲ್ಲರೆ ಡಬ್ಬಿಯ ಲೆಕ್ಕ: ಹಳೆಯ ಸಿವಿಕ್ ಹೈಬ್ರಿಡ್‌ನ ಮೈಲೇಜ್ ಎಲ್ಲಿ ಹುಟ್ಟುತ್ತದೆ, ಎಲ್ಲಿ ಸೋರುತ್ತದೆ

ಒಂದೇ ಕಾರು, ನಾಲ್ಕು ಮೈಲೇಜ್. ಪೆಟ್ರೋಲ್ ಎಂಜಿನ್ನಿಗೆ ಬ್ಯಾಟರಿ, ವಿದ್ಯುತ್ ಮೋಟಾರ್ ಜೊತೆಯಾದ ಕಾರೇ ಹೈಬ್ರಿಡ್. 2005ರಲ್ಲಿ ಬಂದ ಎರಡನೇ ತಲೆಮಾರಿನ ಹೋಂಡಾ ಸಿವಿಕ್ ಹೈಬ್ರಿಡ್ ಜಪಾನಿನ ಪರೀಕ್ಷೆಯಲ್ಲಿ ಲೀಟರಿಗೆ 31 ಕಿಲೋಮೀಟರ್ ಕೊಟ್ಟಿತು. ಯುರೋಪಿನ ಪರೀಕ್ಷೆಯಲ್ಲಿ ನೂರು ಕಿಲೋಮೀಟರಿಗೆ 4.6 ಲೀಟರ್ ಕುಡಿಯಿತು, ಅಂದರೆ ಲೀಟರಿಗೆ 21.7. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮೊದಲು ಗ್ಯಾಲನ್ನಿಗೆ 50 ಮೈಲಿ ಎಂದಿತು. ನಮ್ಮ ಲೆಕ್ಕದಲ್ಲಿ 21.3. 2008ರಲ್ಲಿ ಅದೇ ಸಂಸ್ಥೆ ಅದೇ ಕಾರಿನ ಅಂಕಿಯನ್ನು 42ಕ್ಕೆ ಇಳಿಸಿತು, ಅಂದರೆ 17.9. ಕಾರಿನ ಒಂದು ಬೋಲ್ಟೂ ಬದಲಾಗಿರಲಿಲ್ಲ.

ಯಾರೂ ಸುಳ್ಳು ಹೇಳಿರಲಿಲ್ಲ, ಅಳೆಯುವ ಕೋಲು ಬೇರೆ ಬೇರೆ ಇತ್ತು ಅಷ್ಟೆ. ಜಪಾನಿನ ಹಳೆಯ ಪರೀಕ್ಷೆಯ ಸರಾಸರಿ ವೇಗ ಗಂಟೆಗೆ 22.7 ಕಿಲೋಮೀಟರ್, ಗರಿಷ್ಠ 70. ನಿಂತು ಹೊರಡುವುದೇ ಜಾಸ್ತಿ, ವೇಗ ಏರುವುದು ಅಜ್ಜಿಯನ್ನು ದೇವಸ್ಥಾನಕ್ಕೆ ಕರೆದೊಯ್ಯುವ ನಿಧಾನದಲ್ಲಿ. ಹೈಬ್ರಿಡ್‌ಗೆ ಇದಕ್ಕಿಂತ ಅನುಕೂಲದ ಪರೀಕ್ಷೆ ಸಿಗುವುದು ಕಷ್ಟ. ಅಮೆರಿಕದ ಹಳೆಯ ಪರೀಕ್ಷೆಯೂ ಎಸಿ ಹಾಕದೆ, ಗಂಟೆಗೆ 97 ಕಿಲೋಮೀಟರಿನ ಒಳಗೇ ಮುಗಿಯುತ್ತಿತ್ತು. 2008ರ ಪರಿಷ್ಕರಣೆಯಲ್ಲಿ 129 ಕಿಲೋಮೀಟರ್ ವೇಗ, 35 ಡಿಗ್ರಿ ಬಿಸಿಲಿನಲ್ಲಿ ಎಸಿ, ಮೈನಸ್ 7 ಡಿಗ್ರಿ ಚಳಿಯಲ್ಲಿ ಸ್ಟಾರ್ಟ್, ಇವೆಲ್ಲ ಸೇರಿದವು. ಆಗ ಪೆಟ್ಟು ತಿಂದದ್ದು ಸಿವಿಕ್ ಮಾತ್ರವಲ್ಲ, ಟೊಯೊಟಾ ಪ್ರಿಯಸ್ ಕೂಡ 55ರಿಂದ 46ಕ್ಕೆ ಇಳಿಯಿತು. ಎರಡರ ಇಳಿಕೆಯೂ ಶೇಕಡಾ 16ರ ಆಸುಪಾಸು.

ಭಾರತಕ್ಕೆ ಈ ಕಾರು 2008ರಲ್ಲಿ ಪೂರ್ತಿ ಆಮದಾಗಿ ಬಂತು, 21.5 ಲಕ್ಷ ರೂಪಾಯಿ ಬೆಲೆಗೆ. ಅದೇ ವರ್ಷದ ಕೊನೆಯಲ್ಲಿ ಸುಮಾರು 8 ಲಕ್ಷ ಇಳಿಸಿ ಮಾರಿದರು. ಹಾಗೆ ಬಂದ ಬೆರಳೆಣಿಕೆಯ ಕಾರುಗಳು ಇಂದಿಗೂ ಬೆಂಗಳೂರಿನಲ್ಲಿ ಆಗೀಗ ಕಣ್ಣಿಗೆ ಬೀಳುತ್ತವೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗಂತೂ ಇದು ಅಗ್ಗದ ಸೆಕೆಂಡ್ ಹ್ಯಾಂಡ್ ಕಾರುಗಳ ಸಾಲಿನಲ್ಲಿ ಎದುರಾಗುವ ಹೆಸರು. ಕೊಂಡವರಲ್ಲಿ ಅರ್ಧ ಜನ ಹೊಗಳುತ್ತಾರೆ, ಇನ್ನರ್ಧ ಬೈಯುತ್ತಾರೆ. ಇಬ್ಬರೂ ಏಕೆ ಸರಿ ಎಂಬುದು ಕಾರಿನ ಒಳಗಿನ ಲೆಕ್ಕ ತಿಳಿದರೆ ಗೊತ್ತಾಗುತ್ತದೆ.

ಬ್ಯಾಟರಿ ಎಷ್ಟು ಚಿಕ್ಕದು?

ಹಿಂಬದಿ ಸೀಟಿನ ಬೆನ್ನಿಗಿರುವ ಬ್ಯಾಟರಿ ನಿಕಲ್ ಮೆಟಲ್ ಹೈಡ್ರೈಡ್ ಜಾತಿಯದು. 1.2 ವೋಲ್ಟಿನ 132 ಕೋಶಗಳು ಸಾಲಾಗಿ ಸೇರಿ 158.4 ವೋಲ್ಟ್, ಸಾಮರ್ಥ್ಯ 5.5 ಆಂಪಿಯರ್ ಅವರ್. ಗುಣಿಸಿದರೆ 871 ವ್ಯಾಟ್ ಅವರ್. ಮನೆಯ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಒಂದು ಯೂನಿಟ್ ಕೂಡ ಇಲ್ಲ. ಅದರಲ್ಲೂ ಪೂರ್ತಿ ತುಂಬಿಸುವುದಾಗಲಿ ಪೂರ್ತಿ ಬರಿದು ಮಾಡುವುದಾಗಲಿ ಆಯುಷ್ಯಕ್ಕೆ ಹಾನಿ ಎಂದು ಕಂಪ್ಯೂಟರ್ ನಡುವಿನ ಭಾಗವನ್ನಷ್ಟೇ ಬಳಸುತ್ತದೆ. ಕೈಗೆ ಸಿಗುವುದು ಸುಮಾರು ಅರ್ಧ ಯೂನಿಟ್.

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 8.9 ಯೂನಿಟ್ ಶಕ್ತಿ ಇದೆ. ಎಂಜಿನ್ ಅದರಲ್ಲಿ ಹೆಚ್ಚೆಂದರೆ ಮೂರರಲ್ಲೊಂದು ಪಾಲನ್ನು ಚಕ್ರದ ಕಡೆಗೆ ಕಳಿಸುತ್ತದೆ, ಉಳಿದದ್ದು ಬಿಸಿಯಾಗಿ ಹೊಗೆಕೊಳವೆಯಲ್ಲೂ ರೇಡಿಯೇಟರಿನಲ್ಲೂ ಹೋಗುತ್ತದೆ. ಆ ಲೆಕ್ಕದಲ್ಲಿ ಬ್ಯಾಟರಿಯ ಅರ್ಧ ಯೂನಿಟ್ ಎಂದರೆ ಒಂದು ಲೋಟ ಪೆಟ್ರೋಲಿಗೆ ಸಮ, ಇನ್ನೂರು ಮಿಲಿಲೀಟರಿನಷ್ಟು. ಇದು ಉಳಿತಾಯದ ಖಾತೆಯಲ್ಲ, ಅಂಗಡಿಯ ಗಲ್ಲಾದ ಪಕ್ಕದಲ್ಲಿಟ್ಟ ಚಿಲ್ಲರೆ ಡಬ್ಬಿ. ದಿನಕ್ಕೆ ನೂರು ಸಲ ಹಾಕಬೇಕು, ನೂರು ಸಲ ತೆಗೆಯಬೇಕು. ಹಾಕಿ ತೆಗೆಯುವ ಆಟ ನಿಂತ ಕಡೆ ಹೈಬ್ರಿಡ್ಡಿನ ಲಾಭವೂ ನಿಲ್ಲುತ್ತದೆ.

ಹಾಗಿದ್ದರೆ ಮೈಲೇಜ್ ಬರುವುದೆಲ್ಲಿಂದ? ಬಹುಪಾಲು ಸಣ್ಣ ಎಂಜಿನ್ನಿನಿಂದ. ಬಾನೆಟ್ ಕೆಳಗಿರುವುದು 1339 ಸಿಸಿಯ, ಸಿಲಿಂಡರಿಗೆ ಎರಡು ವಾಲ್ವ್ ಮತ್ತು ಎರಡು ಸ್ಪಾರ್ಕ್ ಪ್ಲಗ್ ಇರುವ 93 ಅಶ್ವಶಕ್ತಿಯ ಎಂಜಿನ್. ಸುಮಾರು 1300 ಕಿಲೋ ತೂಕದ ಸೆಡಾನಿಗೆ ಅದೊಂದೇ ಆದರೆ ಓವರ್‌ಟೇಕ್ ಮಾಡುವಾಗ ಉಸಿರು ಕಟ್ಟುತ್ತದೆ. ಆ ಕೊರತೆಯನ್ನು ತುಂಬಲು ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ತಟ್ಟೆಯಂತೆ ಕೂತ 15 ಕಿಲೋವ್ಯಾಟಿನ ಮೋಟಾರ್ ಇದೆ. ಅದರ 103 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಎಂಜಿನ್ ದುರ್ಬಲವಾಗಿರುವ ಕೆಳ ಆರ್‌ಪಿಎಮ್‌ನಲ್ಲೇ ಸಿಗುತ್ತದೆ. ಬ್ಯಾಟರಿ ಪೆಟ್ರೋಲನ್ನು ಉಳಿಸುವುದಕ್ಕಿಂತ ಹೆಚ್ಚಾಗಿ ಸಣ್ಣ ಎಂಜಿನ್ ಇಟ್ಟುಕೊಳ್ಳಲು ಪರವಾನಗಿ ಕೊಡುತ್ತದೆ. ಜನ ಮರೆಯುವುದು ಇದನ್ನೇ.

ಹೋಲಿಕೆಗೆ ಅದೇ ಕಾಲದ 1.8 ಲೀಟರ್ ಆಟೋಮ್ಯಾಟಿಕ್ ಸಿವಿಕ್ ತೆಗೆದುಕೊಳ್ಳಿ. ಪರಿಷ್ಕೃತ ಅಮೆರಿಕನ್ ಅಂಕಿಯಂತೆ ಅದು ನಗರದಲ್ಲಿ ಲೀಟರಿಗೆ 10.6, ಹೆದ್ದಾರಿಯಲ್ಲಿ 15.3. ಹೈಬ್ರಿಡ್ ನಗರದಲ್ಲಿ 17, ಹೆದ್ದಾರಿಯಲ್ಲಿ 19.1. ನಗರದಲ್ಲಿ ಶೇಕಡಾ 60 ಲಾಭ, ಹೆದ್ದಾರಿಯಲ್ಲಿ ಶೇಕಡಾ 25. ಹೆದ್ದಾರಿಯ ಆ 25ರಲ್ಲಿ ಚಿಲ್ಲರೆ ಡಬ್ಬಿಯ ಪಾತ್ರ ಅಷ್ಟಕ್ಕಷ್ಟೆ. ಅದು ಸಣ್ಣ ಎಂಜಿನ್, ಹಂತಗಳಿಲ್ಲದೆ ಗೇರ್ ಬದಲಿಸುವ ಸಿವಿಟಿ ಗೇರ್‌ಬಾಕ್ಸ್, ಗಾಳಿ ಸೀಳುವ ಮೈಕಟ್ಟು, ಕಡಿಮೆ ಉರುಳು ತಡೆಯ ಟೈರುಗಳ ಸಂಪಾದನೆ. ನಗರದ ಹೆಚ್ಚುವರಿ ಲಾಭ ಮಾತ್ರ ಬ್ರೇಕಿನಿಂದ ಮರಳಿ ಪಡೆದದ್ದು ಮತ್ತು ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸಿದ್ದು.

ಬ್ರೇಕಿನ ಗಣಿತ

ಇಬ್ಬರು ಕೂತ ಕಾರಿನ ತೂಕ 1450 ಕಿಲೋ ಎಂದಿಟ್ಟುಕೊಂಡರೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದರೊಳಗಿನ ಚಲನಶಕ್ತಿ 56 ವ್ಯಾಟ್ ಅವರ್. ಸಾಧಾರಣ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಇಷ್ಟೂ ಬಿಸಿಯಾಗಿ ಹೋಗುತ್ತದೆ. ಇಲ್ಲಿ ಅರ್ಧದಷ್ಟು ಮರಳಿ ಬ್ಯಾಟರಿಗೆ ಸೇರಿತು ಅನ್ನೋಣ, 28 ವ್ಯಾಟ್ ಅವರ್. 15 ಕಿಲೋವ್ಯಾಟಿನ ಮೋಟಾರನ್ನು ಪೂರ್ಣ ಬಲದಲ್ಲಿ ಇದು ಏಳು ಸೆಕೆಂಡಿಗಿಂತ ತುಸು ಕಡಿಮೆ ಹೊತ್ತು ಓಡಿಸುತ್ತದೆ. ಮುಂದಿನ ಸಿಗ್ನಲ್ಲಿನಿಂದ ಹೊರಡಲು ಸರಿಹೋಯಿತು.

ಆದರೆ ಒಂದು ಷರತ್ತಿದೆ, ಮೈಲೇಜಿನ ಗುಟ್ಟು ಅಡಗಿರುವುದು ಅದರಲ್ಲೇ. ಮೋಟಾರ್ ಜನರೇಟರ್ ಆಗಿ ತಿರುಗುವಾಗಲೂ ಅದರ ಬಾಯಿ ಅಷ್ಟೇ ಚಿಕ್ಕದು. 15 ಕಿಲೋವ್ಯಾಟ್ ದರದಲ್ಲಿ 56 ವ್ಯಾಟ್ ಅವರ್ ನುಂಗಲು ಅದಕ್ಕೆ 13 ಸೆಕೆಂಡ್ ಬೇಕು. ಆ ದರದಲ್ಲಿ ನಿಧಾನವಾಗುತ್ತ ಬಂದರೆ ಕಾರು ಸುಮಾರು 150 ಮೀಟರ್ ಕ್ರಮಿಸಿರುತ್ತದೆ. ಗಾಳಿ ಮತ್ತು ಟೈರಿನ ತಡೆ ತಮ್ಮ ಪಾಲು ತೆಗೆದುಕೊಳ್ಳುವುದರಿಂದ ನಿಜದಲ್ಲಿ ಇನ್ನೂ ಸ್ವಲ್ಪ ಕಡಿಮೆ. ನೀವು ನಾಲ್ಕು ಸೆಕೆಂಡಿನಲ್ಲಿ ಗಕ್ಕನೆ ನಿಲ್ಲಿಸಿದಿರೋ, ಮೋಟಾರಿಗೆ ಸಿಕ್ಕಿದ್ದು ಮೂರರಲ್ಲೊಂದು ಪಾಲೂ ಇಲ್ಲ. ಮಿಕ್ಕದ್ದೆಲ್ಲ ಬ್ರೇಕ್ ಪ್ಯಾಡಿನ ಪಾಲು. ಸಿಗ್ನಲ್ ಕೆಂಪಾದದ್ದು ದೂರದಿಂದ ಕಂಡ ಕೂಡಲೇ ಆಕ್ಸಿಲರೇಟರ್ ಬಿಟ್ಟು, ಆ ಕ್ಷಣ ಎಷ್ಟು ಚಾರ್ಜ್ ಆಗುತ್ತಿದೆ ಎಂದು ತೋರಿಸುವ ಮೀಟರಿನ ಪಟ್ಟಿಗಳು ತುಂಬುವಷ್ಟು ಮಾತ್ರ ಬ್ರೇಕನ್ನು ಮುಟ್ಟಿಕೊಂಡು ಬರುವವರಿಗೂ, ಕೊನೆಯ ಮೂವತ್ತು ಮೀಟರಿನಲ್ಲಿ ಒತ್ತುವವರಿಗೂ ಒಂದೇ ಕಾರು ಬೇರೆ ಬೇರೆ ಮೈಲೇಜ್ ಕೊಡುವುದು ಇದಕ್ಕೇ. ಪಟ್ಟಿ ತುಂಬಿದ ಮೇಲೆ ಪೆಡಲ್ ಮೇಲೆ ಹಾಕುವ ಪ್ರತಿ ಗುಲಗಂಜಿ ತೂಕವೂ ನಷ್ಟದ ಬಾಬ್ತು.

ವೇಗ ಇಳಿಸುವಾಗ ಎಂಜಿನ್ ಅಡ್ಡಿಯಾಗಬಾರದು ಎಂದು ಹೋಂಡಾ ಒಂದು ಜಾಣತನ ಮಾಡಿದೆ. ಮೋಟಾರ್ ನೇರವಾಗಿ ಕ್ರ್ಯಾಂಕ್‌ಶಾಫ್ಟಿಗೇ ಅಂಟಿಕೊಂಡಿರುವುದರಿಂದ ಕಾರು ಉರುಳುವಾಗ ಎಂಜಿನ್ ಕೂಡ ತಿರುಗಲೇಬೇಕು. ಪಿಸ್ಟನ್ನುಗಳು ಗಾಳಿಯನ್ನು ಎಳೆದು ಉಗುಳುತ್ತ ಕೂತರೆ ಆ ಶಕ್ತಿ ದಂಡ. ಆದ್ದರಿಂದ ನಾಲ್ಕೂ ಸಿಲಿಂಡರುಗಳ ವಾಲ್ವುಗಳನ್ನು ಮುಚ್ಚಿ ಹಿಡಿಯುವ ಏರ್ಪಾಟಿದೆ. ಒಳಗಿನ ಗಾಳಿ ಸ್ಪ್ರಿಂಗಿನಂತೆ ಒತ್ತಿ ಬಿಡುತ್ತದೆ, ನಷ್ಟ ತೀರ ಕಡಿಮೆ. ಮೊದಲ ತಲೆಮಾರಿನ ಸಿವಿಕ್ ಹೈಬ್ರಿಡ್ಡಿನಲ್ಲಿ ಮೂರು ಸಿಲಿಂಡರಿಗೆ ಮಾತ್ರ ಈ ಸೌಕರ್ಯವಿತ್ತು. ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ಒಂದೇ ವೇಗದಲ್ಲಿ ಹೋಗುವಾಗ ಇದೇ ಏರ್ಪಾಟಿನಲ್ಲಿ ಬರೀ ಮೋಟಾರಿನಿಂದ ಕೆಲ ಹೊತ್ತು ಓಡುವುದೂ ಉಂಟು. ಪ್ರಿಯಸ್ಸಿನಲ್ಲಿ ಎಂಜಿನ್ ನಿಜವಾಗಿ ನಿಂತಿರುತ್ತದೆ, ಸಿವಿಕ್ಕಿನಲ್ಲಿ ತಿರುಗುತ್ತಲೇ ಇರುತ್ತದೆ, ಪೆಟ್ರೋಲ್ ಮಾತ್ರ ಇಲ್ಲ.

ಈ ವಾಲ್ವ್ ಆಟ ನಡೆಯುವುದು ಎಂಜಿನ್ ಆಯಿಲ್ ಒತ್ತಡದಿಂದ. ಆದ್ದರಿಂದ ಆಯಿಲ್ ವಿಷಯದಲ್ಲಿ ಚೌಕಾಸಿ ಬೇಡ. ಬೇಕಾದದ್ದು ತೆಳುವಾದ 0ಡಬ್ಲ್ಯೂ-20, ಫಿಲ್ಟರ್ ಸಹಿತ ಸುಮಾರು 3.2 ಲೀಟರ್. ಬೇರೆ ಕಾರಿನ ಅಭ್ಯಾಸದಲ್ಲಿ ಮೆಕ್ಯಾನಿಕ್ ನಾಲ್ಕು ಲೀಟರಿನ ಡಬ್ಬ ಪೂರ್ತಿ ಸುರಿದರೆ ಡಿಪ್‌ಸ್ಟಿಕ್ಕಿನ ಮೇಲಿನ ಗುರುತು ದಾಟುತ್ತದೆ, ಕ್ರ್ಯಾಂಕ್‌ಶಾಫ್ಟ್ ಆಯಿಲನ್ನು ಮಜ್ಜಿಗೆಯಂತೆ ಕಡೆಯುತ್ತದೆ. 'ಹಳೇ ಗಾಡಿ, ದಪ್ಪ ಆಯಿಲ್ ಹಾಕಿ' ಎಂಬ ಗ್ಯಾರೇಜ್ ಸಲಹೆಯೂ ಇಲ್ಲಿ ನಡೆಯದು: ದಪ್ಪ ಆಯಿಲ್ಲಿನಲ್ಲಿ ವಾಲ್ವುಗಳು ತಡವಾಗಿ ಕೇಳುತ್ತವೆ, ಮೈಲೇಜೂ ಇಳಿಯುತ್ತದೆ.

ಸಿಗ್ನಲ್, ಎಸಿ ಮತ್ತು ತೆವಳಾಟ

ಕಾರು ನಿಂತಾಗ ಎಂಜಿನ್ ಆರುವುದು ಕಾಣುವಷ್ಟು ಸರಳವಲ್ಲ. ಎಂಜಿನ್ ಬಿಸಿಯಾಗಿರಬೇಕು, ಬ್ಯಾಟರಿಯಲ್ಲಿ ಸಾಕಷ್ಟು ಚಾರ್ಜ್ ಇರಬೇಕು, ಗೇರ್ ಡಿಯಲ್ಲಿದ್ದು ಬ್ರೇಕ್ ಮೇಲೆ ಕಾಲಿರಬೇಕು, ಕ್ಯಾಬಿನ್ ತಂಪು ಕೇಳಿದಷ್ಟು ಸಿಕ್ಕಿರಬೇಕು. ಒಂದು ತಪ್ಪಿದರೂ ಎಂಜಿನ್ ಉರಿಯುತ್ತಲೇ ಇರುತ್ತದೆ. ಬಂಪರಿಗೆ ಬಂಪರ್ ತಾಗುವಂತೆ ಎರಡೆರಡು ಮೀಟರ್ ಸರಿಯುತ್ತ ಹೋದರೆ ಅದಕ್ಕೆ ಕಿರಿಕಿರಿ. ಒಮ್ಮೆ ಎದ್ದ ಮೇಲೆ ಒಂದಿಷ್ಟು ವೇಗ ಮುಟ್ಟದೆ ಮತ್ತೆ ಆರುವುದಿಲ್ಲ. ಸಿಲ್ಕ್ ಬೋರ್ಡಿನಂಥ ಕಡೆ ಮುಂದಿನವರು ಹತ್ತು ಹದಿನೈದು ಮೀಟರ್ ಹೋಗುವವರೆಗೆ ತಡೆದು ಒಮ್ಮೆಗೇ ಹೊರಡುವುದು ಲಾಭ. ಹಿಂದಿನ ಆಟೋದವರು ಹಾರ್ನ್ ಮಾಡುತ್ತಾರೆ, ಅದಕ್ಕೆ ಹೋಂಡಾ ಬಳಿ ಪರಿಹಾರವಿಲ್ಲ.

ಎಸಿ ಕಂಪ್ರೆಸರ್ ಎರಡು ತಲೆಯದು. 75 ಸಿಸಿಯ ಭಾಗವನ್ನು ಎಂಜಿನ್ ಬೆಲ್ಟ್ ತಿರುಗಿಸುತ್ತದೆ, 15 ಸಿಸಿಯ ಪುಟ್ಟ ಭಾಗವನ್ನು ಹೈಬ್ರಿಡ್ ಬ್ಯಾಟರಿಯ ವಿದ್ಯುತ್ ಮೋಟಾರ್ ತಿರುಗಿಸುತ್ತದೆ. ಬೆಂಗಳೂರಿನ ಹವೆಗೆ ಎಂಜಿನ್ ಆರಿದಾಗ ಪುಟ್ಟ ಭಾಗವೇ ಸಾಕಾಗುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ಲಿನಲ್ಲಿ ಸಾಕಾಗದು, ಎಂಜಿನ್ ಮತ್ತೆ ಏಳುತ್ತದೆ. ತಾಪಮಾನದ ಅಂಕಿಯನ್ನು 20ರ ಬದಲು 24ಕ್ಕೆ ಇಟ್ಟರೆ ಎಂಜಿನ್ ಆರಿರುವ ಸಮಯ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಬಿಸಿಲಲ್ಲಿ ನಿಂತ ಕಾರನ್ನು ಹತ್ತಿದ ಕೂಡಲೇ ಕಿಟಕಿ ಇಳಿಸಿ ಒಂದು ನಿಮಿಷ ಓಡಿಸಿ, ಆಮೇಲೆ ಎಸಿ ಹಾಕಿ. ಇದರಿಂದ ಬ್ಯಾಟರಿಗೂ ಉಪಕಾರ: ಅದನ್ನು ತಂಪಾಗಿಸುವ ಫ್ಯಾನ್ ಎಳೆದುಕೊಳ್ಳುವುದು ಕ್ಯಾಬಿನ್ ಒಳಗಿನ ಗಾಳಿಯನ್ನೇ.

ಆ ಗಾಳಿಯ ಕಿಂಡಿ ಹಿಂಭಾಗದಲ್ಲಿದೆ. ಅದರ ಮೇಲೆ ಟವೆಲ್, ಮಕ್ಕಳ ಗೊಂಬೆ, ಹೂವಿನ ಬುಟ್ಟಿ ಇಡುವುದು ಬ್ಯಾಟರಿಯ ಮೂಗು ಮುಚ್ಚಿದಂತೆ. ಎರಡು ವರ್ಷಕ್ಕೊಮ್ಮೆ ಫ್ಯಾನ್ ಬಿಚ್ಚಿ ರೆಕ್ಕೆಗಳಲ್ಲಿ ಕೂತ ದೂಳನ್ನು ಮೆತ್ತನೆಯ ಬ್ರಶ್ಶಿನಿಂದ ತೆಗೆಸಬೇಕು; ನಾಯಿ ಸಾಕಿದ ಮನೆಯ ಕಾರಾದರೆ ವರ್ಷಕ್ಕೊಮ್ಮೆ.

ಬ್ಯಾಟರಿ ಮುಪ್ಪಾದಾಗ

ಹೊಗಳುವವರು ಬೈಯುವವರಾಗುವುದು ಇಲ್ಲಿ. 132 ಕೋಶಗಳನ್ನು ಕಂಪ್ಯೂಟರ್ 12 ಕೋಶಗಳ 11 ಗುಂಪುಗಳಾಗಿ ನೋಡುತ್ತದೆ. ಎಲ್ಲ ಒಂದೇ ಸಾಲಿನಲ್ಲಿರುವುದರಿಂದ ಒಂದೇ ಕರೆಂಟು ಎಲ್ಲದರ ಮೂಲಕ ಹರಿಯಬೇಕು. ವರ್ಷಗಳು ಕಳೆದಂತೆ ಕೆಲವು ಕೋಶಗಳು ನಿಂತಲ್ಲೇ ಹೆಚ್ಚು ಸೋರುತ್ತವೆ, ಕೆಲವು ಬೇಗ ಬಿಸಿಯಾಗಿ ಸಾಮರ್ಥ್ಯ ಕಳೆದುಕೊಳ್ಳುತ್ತವೆ. ಹತ್ತು ಗುಂಪು ಗಟ್ಟಿಯಾಗಿದ್ದು ಒಂದು ಬಡವಾದರೂ ಇಡೀ ಬ್ಯಾಟರಿ ಆ ಬಡವನ ಅಳತೆಗೆ ಕುಗ್ಗುತ್ತದೆ. ಚಾರ್ಜ್ ಮಾಡುವಾಗ ಯಾವುದೋ ಒಂದು ಗುಂಪು ಬೇಗ ತುಂಬಿತು ಎಂದು ನಿಲ್ಲಿಸಬೇಕು, ಬಳಸುವಾಗ ಇನ್ನೊಂದು ಬೇಗ ಬರಿದಾಯಿತು ಎಂದು ನಿಲ್ಲಿಸಬೇಕು.

ಮೊದಲ ಲಕ್ಷಣ ಡ್ಯಾಶ್‌ಬೋರ್ಡಿನ ಇನ್ನೊಂದು ಮೀಟರಿನಲ್ಲಿ, ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಉಳಿದಿದೆ ಎಂದು ತೋರಿಸುವುದರಲ್ಲಿ. ಆರು ಗೆರೆ ಇದ್ದದ್ದು ಸಣ್ಣ ಏರು ಹತ್ತುವಷ್ಟರಲ್ಲಿ ದಿಢೀರನೆ ಒಂದಕ್ಕೆ ಬೀಳುತ್ತದೆ. ಕಂಪ್ಯೂಟರ್ ಒಳಹೋದ ಕರೆಂಟು, ಹೊರಬಂದ ಕರೆಂಟು ಕೂಡಿ ಕಳೆದು ಲೆಕ್ಕ ಇಟ್ಟಿರುತ್ತದೆ. ಬಡ ಗುಂಪಿನ ವೋಲ್ಟೇಜ್ ಕುಸಿದಾಗ ತನ್ನ ಲೆಕ್ಕ ತಪ್ಪೆಂದು ಅರಿತು ಮೀಟರನ್ನು ಕೆಳಕ್ಕಿಳಿಸುತ್ತದೆ. ಕೂಡಲೇ ಬಲವಂತದ ಚಾರ್ಜಿಂಗ್ ಶುರು. ಎಂಜಿನ್ ಕಾರನ್ನೂ ಎಳೆಯಬೇಕು, ಬ್ಯಾಟರಿಯನ್ನೂ ತುಂಬಬೇಕು. ಸಿಗ್ನಲ್ಲಿನಲ್ಲಿ ಆರುವುದೂ ಬಂದ್. ಮೈಲೇಜ್ ಕುಸಿಯುವುದು ಈ ಹಂತದಲ್ಲಿ, ಎಚ್ಚರಿಕೆಯ ದೀಪ ಹೊತ್ತಿಕೊಳ್ಳುವ ಎಷ್ಟೋ ತಿಂಗಳ ಮೊದಲೇ. ದೀಪ ಹೊತ್ತಿದ ಮೇಲೆ ಸ್ಕ್ಯಾನರಿನಲ್ಲಿ ಸಾಮಾನ್ಯವಾಗಿ ಸಿಗುವ ಕೋಡ್ ಪಿ0ಎ7ಎಫ್, ಬ್ಯಾಟರಿ ಶಿಥಿಲವಾಗಿದೆ ಎಂದು ಅದರ ಅರ್ಥ.

ಇನ್ನೊಂದು ಲಕ್ಷಣ ಕಿವಿಗೆ ಕೇಳುವಂಥದು. ಆರೋಗ್ಯವಂತ ಕಾರನ್ನು ಹೈಬ್ರಿಡ್ ಮೋಟಾರೇ ಸದ್ದಿಲ್ಲದೆ ಎಬ್ಬಿಸುತ್ತದೆ. ಆಪತ್ಕಾಲಕ್ಕೆಂದು ಮಾಮೂಲಿ 12 ವೋಲ್ಟ್ ಸ್ಟಾರ್ಟರ್ ಕೂಡ ಇಟ್ಟಿದ್ದಾರೆ. ಚಳಿಯೇ ಇಲ್ಲದ ಊರಿನಲ್ಲಿ ಬೆಳಗ್ಗೆ ಸಾಧಾರಣ ಕಾರಿನಂತೆ 'ಕರ್‌ರ್' ಎಂದು ಸ್ಟಾರ್ಟ್ ಆಗುತ್ತಿದ್ದರೆ ದೊಡ್ಡ ಬ್ಯಾಟರಿ ರಾತ್ರೋರಾತ್ರಿ ಸೋರುತ್ತಿದೆ ಎಂದು ತಿಳಿಯಿರಿ.

2010ರಲ್ಲಿ ಹೋಂಡಾ ಅಮೆರಿಕದಲ್ಲಿ 2006ರಿಂದ 2008ರ ಕಾರುಗಳಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಕೊಟ್ಟಿತು. ಬ್ಯಾಟರಿಯ ಆಯುಷ್ಯ ಹೆಚ್ಚಲಿ ಎಂದು ಅದನ್ನು ದುಡಿಸುವುದನ್ನೇ ಕಡಿಮೆ ಮಾಡುವ ಅಪ್‌ಡೇಟ್ ಅದು. ಆಯುಷ್ಯ ಉಳಿಸಲು ಹೋಗಿ ಕಾರಿನ ಚುರುಕೂ ಮೈಲೇಜೂ ತಗ್ಗಿತು ಎಂದು ಮಾಲೀಕರು ಸಿಟ್ಟಾದರು. ಕ್ಯಾಲಿಫೋರ್ನಿಯಾದ ಟಾರೆನ್ಸಿನ ಸಣ್ಣ ವ್ಯಾಜ್ಯಗಳ ನ್ಯಾಯಾಲಯ 2012ರ ಫೆಬ್ರವರಿಯಲ್ಲಿ ಒಬ್ಬ ಮಾಲೀಕರಿಗೆ 9,867 ಡಾಲರ್ ಪರಿಹಾರ ಕೊಡಿಸಿತು. ಮೇ ತಿಂಗಳಲ್ಲಿ ಮೇಲ್ಮನವಿಯಲ್ಲಿ ಅದು ರದ್ದಾಯಿತು. ನ್ಯಾಯಾಲಯದ ಮಾತು ಏನೇ ಇರಲಿ, ಚಿಲ್ಲರೆ ಡಬ್ಬಿಗೆ ಬೀಗ ಹಾಕಿದರೆ ಉಳಿಯುವುದು 93 ಅಶ್ವಶಕ್ತಿಯ ಎಂಜಿನ್ ಮತ್ತು ಅದು ಹೊತ್ತುಕೊಂಡ ಬ್ಯಾಟರಿಯ ಭಾರ.

ರಿಪೇರಿಗೆ ಮೂರು ದಾರಿಗಳಿವೆ: ಹೊಸ ಬ್ಯಾಟರಿ, ಕೆಟ್ಟ ಗುಂಪುಗಳನ್ನಷ್ಟೇ ಬದಲಿಸುವುದು, ಇಲ್ಲವೇ ಇರುವುದನ್ನೇ ನಿಧಾನ ಚಾರ್ಜ್ ಮಾಡಿ ಸಮತೋಲನಕ್ಕೆ ತರುವುದು. ನಡುವಿನದು ಅಗ್ಗವಾಗಿ ಕಾಣುತ್ತದೆ, ಬಹಳ ಸಲ ಮೋಸ ಮಾಡುವುದೂ ಅದೇ. ಹತ್ತು ಹಳಬರ ನಡುವೆ ಒಬ್ಬ ಹೊಸಬನನ್ನು ಕೂರಿಸಿದರೆ ಅಸಮತೋಲನ ಉಳಿದೇ ಇರುತ್ತದೆ. ಆರು ತಿಂಗಳಲ್ಲಿ ಮುಂದಿನ ಬಡವ ಎದ್ದು ನಿಲ್ಲುತ್ತಾನೆ. ಮಾಡಿಸುವುದಾದರೆ ಪ್ರತಿ ಗುಂಪನ್ನೂ ಪರೀಕ್ಷಿಸಿ, ಸಾಮರ್ಥ್ಯ ಹೊಂದುವವನ್ನೇ ಜೋಡಿಸಬೇಕು.

ಪರೀಕ್ಷೆ ಕಷ್ಟವಲ್ಲ, ಆದರೆ ಆಟವೂ ಅಲ್ಲ. 158 ವೋಲ್ಟ್ ನೇರ ಪ್ರವಾಹ ಹಿಡಿದರೆ ಬಿಡುವುದಿಲ್ಲ. ಮೊದಲು ಇಗ್ನಿಷನ್ ಆರಿಸಿ, 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಹಿಂದಿನ ಸೀಟಿನ ಬೆನ್ನು ತೆಗೆದು ಮುಖ್ಯ ಸ್ವಿಚ್ ಆಫ್ ಮಾಡಬೇಕು. ಇನ್ವರ್ಟರಿನ ಕೆಪಾಸಿಟರುಗಳು ಬರಿದಾಗಲು ಕನಿಷ್ಠ ಐದು ನಿಮಿಷ ಕಾಯಬೇಕು, ಮೀಟರಿನಲ್ಲಿ ಅಳೆದು ಖಾತ್ರಿ ಮಾಡಿಕೊಳ್ಳಬೇಕು. 1000 ವೋಲ್ಟ್ ದರ್ಜೆಯ ರಬ್ಬರ್ ಕೈಗವಸು ಬೇಕೇ ಬೇಕು, ಉಂಗುರ, ಗಡಿಯಾರ ಬೇಡ. ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿ ಕೈ ಹಿಂದೆ. ಇದರಲ್ಲಿ ಪಳಗದವರು ಇಲ್ಲಿಗೇ ನಿಲ್ಲುವುದು ಒಳ್ಳೆಯದು.

ಸುಮ್ಮನೆ ವೋಲ್ಟೇಜ್ ಅಳೆದರೆ ಸತ್ತ ಗುಂಪೂ ಬದುಕಿದಂತೆ ತೋರುತ್ತದೆ. ಹೊರೆ ಹಾಕಿ ನೋಡಬೇಕು. ಬಿಡಿಸಿದ ಗುಂಪನ್ನು 0.5 ಆಂಪಿಯರಿನಂತೆ 14 ಗಂಟೆ ಚಾರ್ಜ್ ಮಾಡಿ, ಮೇಲೆ ಫ್ಯಾನ್ ಗಾಳಿ ಬಿಡಿ. ಕೈಗೆ ಬೆಚ್ಚಗಾದರೆ ಸರಿ, ಸುಡುವಂತಾದರೆ ತಕ್ಷಣ ನಿಲ್ಲಿಸಿ. ಒಂದು ಗಂಟೆ ಬಿಟ್ಟು 12 ವೋಲ್ಟ್ 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಹಚ್ಚಿ. ಅದು ಸುಮಾರು 5 ಆಂಪಿಯರ್ ಎಳೆಯುತ್ತದೆ. ಗುಂಪು 12 ವೋಲ್ಟಿಗೆ ಇಳಿಯಲು ಎಷ್ಟು ನಿಮಿಷ ಹಿಡಿಯಿತು ಬರೆದಿಟ್ಟುಕೊಳ್ಳಿ, ಅಲ್ಲಿಗೆ ಬಲ್ಬ್ ತೆಗೆಯಿರಿ. ಹೊಸತು ಒಂದು ಗಂಟೆಯ ಸಮೀಪ ಬರುತ್ತದೆ, 40 ನಿಮಿಷ ದಾಟಿದ ಹಳೆಯದು ಇನ್ನೂ ದುಡಿಯುತ್ತದೆ. ವೋಲ್ಟೇಜ್ ನುಣ್ಣಗೆ ಇಳಿಯುವ ಬದಲು ಥಟ್ಟನೆ ಒಂದೂಕಾಲು ವೋಲ್ಟಿನಷ್ಟು ಮೆಟ್ಟಿಲಿಳಿದರೆ ಒಳಗೆ ಒಂದು ಕೋಶ ಪೂರ್ತಿ ಬರಿದಾಗಿದೆ. ಇನ್ನೂ ಎಳೆದರೆ ಅದು ತಲೆಕೆಳಗಾಗಿ ಚಾರ್ಜ್ ಆಗಿ ಹಾಳಾಗುತ್ತದೆ. ಇದೇ ಚಾರ್ಜ್, ಡಿಸ್ಚಾರ್ಜ್ ಮೂರು ಸಲ ಮಾಡಿದರೆ ಆಲಸಿಯಾಗಿದ್ದ ಗುಂಪುಗಳು ಚೇತರಿಸಿಕೊಳ್ಳುವುದುಂಟು. ಮೂರನೇ ಸಲವೂ ಏಳದಿದ್ದರೆ ಅದರ ಕಾಲ ಮುಗಿಯಿತು.

ಈ ಬ್ಯಾಟರಿಗೆ ಅತಿ ಕೆಟ್ಟದ್ದು ಓಟವಲ್ಲ, ನಿಲುಗಡೆ. ಮೂರು ತಿಂಗಳು ಊರಿಗೆ ಹೋಗುವವರು ಕಾರಿಗೆ ಕವರ್ ಹಾಕಿ ಬೀಗದ ಕೈ ಒಯ್ದರೆ ಬರುವಷ್ಟರಲ್ಲಿ ಕೋಶಗಳು ಒಂದೊಂದು ದಿಕ್ಕಿಗೆ ಹೋಗಿರುತ್ತವೆ. ತಿಂಗಳಿಗೊಮ್ಮೆಯಾದರೂ ಯಾರಾದರೂ ಅರ್ಧ ಗಂಟೆ ನಿಜವಾಗಿ ಓಡಿಸಬೇಕು. ಗೇಟಿನೊಳಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸಿದರೆ ಪ್ರಯೋಜನವಿಲ್ಲ.

ಬ್ಯಾಟರಿಯನ್ನು ಬೈಯುವ ಮೊದಲು

ಮೈಲೇಜ್ ಇಳಿದ ಕೂಡಲೇ ಬೆರಳು ತೋರಿಸುವುದು ಬ್ಯಾಟರಿಯ ಕಡೆಗೆ. ಎಷ್ಟೋ ಸಲ ಕಳ್ಳ ಬೇರೆಯವನು. ಈ ಎಂಜಿನ್ನಿನಲ್ಲಿ ಎಂಟು ಸ್ಪಾರ್ಕ್ ಪ್ಲಗ್, ಮುಂದೆ ನಾಲ್ಕು, ಹಿಂದೆ ನಾಲ್ಕು. ನಮ್ಮಲ್ಲಿ ಹಳೆಯ ಸಿಟಿ ಝಡ್‌ಎಕ್ಸ್ ಕೂಡ ಇದೇ ಮನೆತನದ್ದಾದ್ದರಿಂದ ಅದನ್ನು ಬಿಚ್ಚಿದ ಮೆಕ್ಯಾನಿಕ್ಕುಗಳಿಗೆ ಇದು ಹೊಸತಲ್ಲ. ಅಪಾಯ ಏನೆಂದರೆ ಕೈಗೆ ಸುಲಭವಾಗಿ ಸಿಗುವ ನಾಲ್ಕನ್ನು ಬದಲಿಸಿ 'ಎಲ್ಲ ಹೊಸದು' ಎಂದು ಬಿಲ್ ಕೊಡುವುದು. ಒಂದು ಸಾಲು ದುರ್ಬಲವಾದರೆ ಇನ್ನೊಂದು ಸಾಲು ಹೊತ್ತಿಸುವುದರಿಂದ ಎಂಜಿನ್ ತಡವರಿಸುವುದಿಲ್ಲ, ಸುಮ್ಮನೆ ಪೆಟ್ರೋಲ್ ತಿನ್ನುತ್ತದೆ. ಹಳೆಯ ಎಂಟು ಪ್ಲಗ್ಗುಗಳನ್ನು ಕೈಗೆ ಕೇಳಿ ಪಡೆದು ಎಣಿಸಿ.

ಕೂಲಂಟಿನ ಹರಿವನ್ನು ತಡೆದು ಬಿಡುವ ಥರ್ಮೋಸ್ಟ್ಯಾಟ್ ತೆರೆದೇ ಸಿಕ್ಕಿಕೊಂಡರೆ ಎಂಜಿನ್ ಪೂರ್ತಿ ಬಿಸಿಯಾಗದು. ಬಿಸಿಯಾಗದಿದ್ದರೆ ಸಿಗ್ನಲ್ಲಿನಲ್ಲಿ ಆರದು, ಗಾಳಿಯ ಜೊತೆ ಹೆಚ್ಚು ಪೆಟ್ರೋಲ್ ಬೆರೆಯುತ್ತಲೇ ಇರುತ್ತದೆ. ಕಾರಿನ ಕಂಪ್ಯೂಟರನ್ನು ಓದುವ ಅಗ್ಗದ ಓಬಿಡಿ ಸ್ಕ್ಯಾನರ್ ಸಿಕ್ಕಿಸಿ ಕೂಲಂಟ್ ತಾಪ ನೋಡಿ: ಹದಿನೈದು ನಿಮಿಷ ಓಡಿದ ಮೇಲೂ 70 ಡಿಗ್ರಿಯ ಸುತ್ತಲೇ ತೂಗಾಡುತ್ತಿದ್ದರೆ ಥರ್ಮೋಸ್ಟ್ಯಾಟ್ ಬದಲಿಸಿ. ಅದೇ ಸ್ಕ್ಯಾನರಿನಲ್ಲಿ ದೀರ್ಘಾವಧಿ ಇಂಧನ ತಿದ್ದುಪಡಿಯ (ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್) ಅಂಕಿ ಪ್ಲಸ್ ಅಥವಾ ಮೈನಸ್ ಶೇಕಡಾ 10 ದಾಟಿದ್ದರೆ ಗಾಳಿ ಸೋರಿಕೆ, ಕೊಳೆಯಾದ ಸೆನ್ಸರ್ ಅಥವಾ ಇಂಜೆಕ್ಟರ್ ಹುಡುಕಬೇಕು.

ಬ್ರೇಕಿನ ವಿಚಾರದಲ್ಲಿ ಹೈಬ್ರಿಡ್ಡಿಗೆ ವಿಚಿತ್ರ ರೋಗವೊಂದಿದೆ. ಪ್ಯಾಡ್ ಸವೆಯುವುದೇ ಕಡಿಮೆಯಾದ್ದರಿಂದ ವರ್ಷಗಟ್ಟಲೆ ಯಾರೂ ಬಿಚ್ಚುವುದಿಲ್ಲ. ಕ್ಯಾಲಿಪರಿನ ಜಾರು ಪಿನ್ನುಗಳು ತುಕ್ಕು ಹಿಡಿದು ಅಂಟಿಕೊಳ್ಳುತ್ತವೆ, ಪ್ಯಾಡ್ ಸದಾ ಡಿಸ್ಕನ್ನು ಉಜ್ಜುತ್ತಿರುತ್ತದೆ. ಜ್ಯಾಕ್ ಕೊಟ್ಟು ಎತ್ತಿ ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಗೊತ್ತಾಗುತ್ತದೆ. ಪಿನ್ ಒರೆಸಿ ಸಿಲಿಕೋನ್ ಗ್ರೀಸ್ ಹಚ್ಚುವ ಅರ್ಧ ಗಂಟೆಯ ಕೆಲಸ, ಲಾಭ ಮಾತ್ರ ಪ್ರತಿ ಟ್ಯಾಂಕಿನಲ್ಲೂ.

ಟೈರ್ ಅಳತೆ 195/65 ಆರ್15. ಕಾರಿನೊಂದಿಗೆ ಬಂದದ್ದು ಉರುಳು ತಡೆ ಕಡಿಮೆ ಇರುವ ಜಾತಿ. ಬದಲಿಸುವಾಗ ಅಂಗಡಿಯವನು ತೋರಿಸಿದ್ದನ್ನು ಹಾಕಿಸಿದರೆ ಮೈಲೇಜ್ ಅಂದೇ ಇಳಿದು, ಇನ್ನೆಂದೂ ಏರುವುದಿಲ್ಲ. ಗಾಳಿ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಹೇಳಿದಷ್ಟು, ಬೆಳಗ್ಗೆ ಟೈರ್ ತಣ್ಣಗಿರುವಾಗ.

ಗೇರ್‌ಬಾಕ್ಸ್ ಸಿವಿಟಿ. ಹೊರಡುವಾಗ ಅದರೊಳಗಿನ ಸ್ಟಾರ್ಟ್ ಕ್ಲಚ್ ಮೆಲ್ಲಗೆ ಹಿಡಿಯಬೇಕು. ಹಳೆಯ ಆಯಿಲ್ಲಿನಲ್ಲಿ ಅದು ನಡುಗುತ್ತದೆ, ಎತ್ತಿನಗಾಡಿ ಹಳ್ಳಕ್ಕೆ ಇಳಿದಂತೆ. 40,000 ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸಿ, ಹೊರಬಂದದ್ದನ್ನು ಅಳೆದು ಅಷ್ಟೇ ತುಂಬಿ. ಹೋಂಡಾದ ಹಳೆಯ ಸಿವಿಟಿ ಫ್ಲುಯಿಡ್ ಬೇರೆ, ಹೊಸ ಕಾರುಗಳ ಎಚ್‌ಸಿಎಫ್-2 ಬೇರೆ. ಎರಡೂ ಸಿವಿಟಿಯೇ ತಾನೆ ಎಂದು ಹೊಸತನ್ನು ಸುರಿಯಬಾರದು, ಸಾಧಾರಣ ಆಟೋಮ್ಯಾಟಿಕ್ ಆಯಿಲ್ ಅಂತೂ ಸರ್ವಥಾ ಬೇಡ.

ಇನ್ನು ಪೆಟ್ರೋಲ್. ಭಾರತದಲ್ಲಿ 2025ರ ಹೊತ್ತಿಗೆ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲೇ ಸಾಮಾನ್ಯವಾಗಿದೆ. ಎಥನಾಲಿನಲ್ಲಿ ಲೀಟರಿಗೆ ಶಕ್ತಿ ಮೂರರಲ್ಲೊಂದು ಪಾಲು ಕಡಿಮೆ. ಲೆಕ್ಕ ಹಾಕಿದರೆ ಶುದ್ಧ ಪೆಟ್ರೋಲಿಗಿಂತ ಶೇಕಡಾ 6ರಿಂದ 7 ಕಡಿಮೆ ಶಕ್ತಿ. ಹಿಂದೆ 17 ಕೊಡುತ್ತಿದ್ದ ಕಾರು ಈಗ 16 ಕೊಟ್ಟರೆ ರಿಪೇರಿ ಮಾಡಲು ಏನೂ ಇಲ್ಲ. ಆದರೆ 2008ರ ರಬ್ಬರ್ ಪೈಪುಗಳು ಈ ಮಿಶ್ರಣಕ್ಕೆಂದು ಮಾಡಿದವಲ್ಲ. ಪ್ರತಿ ಸರ್ವಿಸಿನಲ್ಲಿ ಇಂಧನ ಪೈಪುಗಳು ಬಿರುಕು ಬಿಟ್ಟಿವೆಯೇ, ಉಬ್ಬಿವೆಯೇ, ವಾಸನೆ ಇದೆಯೇ ನೋಡಿಸಿ.

ಮೈಲೇಜ್ ಅಳೆಯುವಾಗ ಡ್ಯಾಶ್‌ಬೋರ್ಡಿನ ಅಂಕಿಯನ್ನು ನಂಬಿ ಕೂರಬೇಡಿ. ಒಂದೇ ಬಂಕ್, ಒಂದೇ ಪಂಪ್, ಮೊದಲ ಕ್ಲಿಕ್ಕಿಗೆ ನಿಲ್ಲಿಸಿ. ಕನಿಷ್ಠ 400 ಕಿಲೋಮೀಟರ್ ಓಡಿಸಿ ಮತ್ತೆ ಹಾಗೇ ತುಂಬಿಸಿ ಭಾಗಿಸಿ. ಮೂರು ಟ್ಯಾಂಕಿನ ಸರಾಸರಿಗೆ ಬೆಲೆ ಇದೆ, ಒಂದಕ್ಕಿಲ್ಲ. ಬ್ಯಾಟರಿ ತುಂಬಿತ್ತೋ ಖಾಲಿಯಿತ್ತೋ ಎಂಬ ಚಿಂತೆ ಬೇಡ, ಒಂದು ಲೋಟದ ವ್ಯತ್ಯಾಸ 25 ಲೀಟರಿನಲ್ಲಿ ಕರಗಿಹೋಗುತ್ತದೆ.

ಘಾಟಿ ಇಳಿಯುವಾಗ

ಹೈಬ್ರಿಡ್ ಇರುವವರು ಘಾಟಿ ಎಂದರೆ ಬಿಟ್ಟಿ ಕರೆಂಟು ಎಂದು ಹಿಗ್ಗುತ್ತಾರೆ. ನೂರು ಮೀಟರ್ ಎತ್ತರ ಇಳಿದರೆ ಈ ಕಾರು ಬಿಡುವ ಶಕ್ತಿ 395 ವ್ಯಾಟ್ ಅವರ್. ಗಾಳಿ, ಟೈರ್, ಪರಿವರ್ತನೆ ಎಲ್ಲದರ ಕಂದಾಯ ಕಳೆದು ಅರ್ಧ ಸಿಕ್ಕಿತು ಎಂದುಕೊಂಡರೂ 250 ಮೀಟರ್ ಇಳಿಯುವಷ್ಟರಲ್ಲಿ ಅರ್ಧ ಯೂನಿಟ್ಟಿನ ಡಬ್ಬಿ ತುಂಬಿ ತುಳುಕುತ್ತದೆ. ಆಗುಂಬೆ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿದೆ; ಘಾಟಿಯ ಬುಡದ ಸೋಮೇಶ್ವರ ಮುಟ್ಟುವ ಎಷ್ಟೋ ತಿರುವುಗಳ ಮೊದಲೇ ಡಬ್ಬಿ ತುಂಬಿ ಚಾರ್ಜಿಂಗ್ ನಿಲ್ಲುತ್ತದೆ, ಅದನ್ನು ತೋರಿಸುವ ಪಟ್ಟಿಗಳು ಮಾಯವಾಗುತ್ತವೆ. ಅಲ್ಲಿವರೆಗೆ ಮೋಟಾರ್ ಹಿಡಿದಿದ್ದ ಕಾರು ಒಮ್ಮೆಲೇ ಹಗುರಾಗಿ ಓಡತೊಡಗಿದಂತೆ ಅನಿಸುವುದು ಆಗಲೇ, ಹೊಸಬರು ಬೆಚ್ಚುವುದೂ ಆಗಲೇ. ಘಾಟಿಯ ತಲೆಯಲ್ಲಿರುವಾಗಲೇ ಗೇರನ್ನು ಡಿಯಿಂದ ಎಸ್‌ಗೆ ತನ್ನಿ, ಕಡಿದಾದ ತಿರುವುಗಳಲ್ಲಿ ಎಲ್‌ಗೆ. ಎಂಜಿನ್ ಸದ್ದು ಏರುತ್ತದೆ, ಪೆಟ್ರೋಲ್ ಹೋಗುವುದಿಲ್ಲ, ಬ್ರೇಕ್ ತಣ್ಣಗಿರುತ್ತದೆ. ಹತ್ತುವಾಗ ಇದರ ತಿರುವುಮುರುವು. ತಪ್ಪಲಿಗೆ ಬರುವಾಗ ಡಬ್ಬಿ ತುಂಬಿರಲಿ, ಮೊದಲ ನಾಲ್ಕು ತಿರುವಿನಲ್ಲೇ ಆಕ್ಸಿಲರೇಟರ್ ತುಳಿದು ಅದನ್ನು ಬರಿದು ಮಾಡಬೇಡಿ. ಖಾಲಿಯಾದ ಮೇಲೆ ಮೇಲಿನ ತಿರುವುಗಳಲ್ಲಿ ಲಾರಿ ದಾಟಲು ಉಳಿಯುವುದು 1.3 ಲೀಟರಿನ ಎಂಜಿನ್ ಒಂದೇ.